ಎರಡನೆಯ ಪ್ರಶ್ನೆ

ಅಲ್ ಸದ್ದ್, ದೋಹಾ
12 ಜನವರಿ 2024

ಪ್ರೀತಿಯ ಅಕ್ಷಯಾ,

ನಿನ್ನ ಹೊಸ ವರ್ಷದ ಪತ್ರ ತಲುಪಿತು. ಕಾಗುಣಿತದ ತಪ್ಪು ನಾಲ್ಕೇ. ‘ಶುಭಾಶಯ’ ಎಂಬುದನ್ನು ನೀನು ಸರಿಯಾಗಿ ಬರೆದದ್ದು ಇದೇ ಮೊದಲು. ಶುಕ್ರವಾರದ ಪಾಠಕ್ಕೆ ಬಂದು, ನನ್ನ ಸೋಫಾದ ಮೇಲೆ ಕಾಲು ಮಡಚಿ ಕೂತು, "ಆಂಟಿ, ಸ್ಕೂಲಲ್ಲಿ ಕನ್ನಡದ ಪರೀಕ್ಷೆಯೇ ಇಲ್ಲ, ಮತ್ಯಾಕೆ ಕಲೀಬೇಕು?" ಎಂದು ವಾದಿಸುತ್ತಿದ್ದ ಹುಡುಗಿ ನೀನು. ಪರೀಕ್ಷೆ ಬೇಡ ಮಾರಾಯ್ತಿ, ವಾರಕ್ಕೊಂದು ಪತ್ರ ಬರೆ ಸಾಕು ಎಂದಿದ್ದೆ. ನಿನ್ನ ಅಪ್ಪ ಅಮ್ಮ ದೋಹಾ ಬಿಟ್ಟು ಮಂಗಳೂರಿಗೆ ಹೋದರು, ನೀನು ದುಬೈ ಸೇರಿದೆ, ವಾರಕ್ಕೊಂದು ಹೋಗಿ ತಿಂಗಳಿಗೊಂದಾಯಿತು. ಆದರೂ ನಿಲ್ಲಲಿಲ್ಲ. ಇಮೇಲಿನಲ್ಲಿ ಬಂದರೂ ನಾನು ಅದನ್ನು ಪತ್ರ ಎಂದೇ ಕರೆಯುವುದು.

ಈಗ ಸುದ್ದಿ ಕೇಳು. ನಮ್ಮ ಲಿಫ್ಟ್ ಕಂಪನಿಯ ಜನರಲ್ ಮ್ಯಾನೇಜರ್ ಸರ್ಫರಾಝ್ ನಿನ್ನೆ ಎಲ್ಲರನ್ನೂ ಕರೆದು ಕಂಪನಿಯ ಹೊಸ ದಿಕ್ಕನ್ನು ಹೇಳಿದರು. ಇಷ್ಟು ವರ್ಷ ನಾವು ಅಲ್ ಸದ್ದ್, ಮದೀನತ್ ಖಲೀಫಾ ಕಡೆಯ ಹಳೆಯ ಕಟ್ಟಡಗಳ ಲಿಫ್ಟು ರಿಪೇರಿ ಮಾಡಿಕೊಂಡು ಬಂದವರು. ಇನ್ನು ಹೊಸ ನಗರ ಲುಸೈಲಿನ ಟವರುಗಳತ್ತ ಹೋಗಬೇಕಂತೆ. ಹಳೆಯ ಕಟ್ಟಡಗಳನ್ನು ಒಮ್ಮೆಲೇ ಬಿಡುವುದಿಲ್ಲ, ಕಾಂಟ್ರಾಕ್ಟ್ ಮುಗಿಯುವವರೆಗೆ ನೋಡಿಕೊಳ್ಳುವುದು. "ಕಂಪನಿ ಒಂದು ಕಡೆ, ಕಂಪ್ಯೂಟರು ಇನ್ನೊಂದು ಕಡೆ ಹೋಗಬಾರದು. ಎರಡನ್ನೂ ಹೊಂದಿಸಿ ಯೋಜನೆ ಹಾಕಿಕೊಡಲು ದುಬೈಯಿಂದ ಸಲಹೆಗಾರರು ಬರ್ತಾರೆ" ಎಂದರು. ಸಂಸ್ಥೆಯ ಹೆಸರು ಕೇಳಿ ನಾನು ಕುರ್ಚಿಯಲ್ಲಿ ನೆಟ್ಟಗಾದೆ. ನಿನ್ನದೇ ಸಂಸ್ಥೆ!

ಇಲ್ಲಿನ ಐಟಿ ವಿಭಾಗವನ್ನು ಒಂದು ಮೇಜು, ಒಂದು ಕಂಪ್ಯೂಟರಿನಿಂದ ಶುರು ಮಾಡಿದವಳು ನಾನು. ದೂರು ಬಂದ ಕೂಡಲೇ ಯಾವ ಮೆಕ್ಯಾನಿಕ್ ಎಲ್ಲಿಗೆ ಓಡಬೇಕು ಎಂದು ಹೇಳುವ ಸಿಸ್ಟಮ್ ನನ್ನ ಕೈಯಲ್ಲೇ ಬೆಳೆದದ್ದು. ಅದಕ್ಕೂ ನನ್ನ ಹಾಗೆ ವಯಸ್ಸಾಗಿದೆ, ಒಪ್ಪುತ್ತೇನೆ. ಗುರುತಿಲ್ಲದವರು ಬಂದು ಬಿಚ್ಚಿ ನೋಡುವುದಕ್ಕಿಂತ ನೀನು ನೋಡುವುದು ಒಳ್ಳೆಯದು.

ನಮ್ಮ ಕಟ್ಟಡದ ಐದನೇ ಮಾಳಿಗೆಯ ಹಬೀಬಾ ನಿನ್ನ ಸುದ್ದಿ ಕೇಳುತ್ತಿರುತ್ತಾಳೆ. ಪಾಠ ಮುಗಿದದ್ದೇ ನೀನು ಅವಳ ಅಡುಗೆಮನೆಗೆ ಓಡುತ್ತಿದ್ದದ್ದು ಅವಳು ಮರೆತಿಲ್ಲ. ಪಾಪ, ಈಗ ವಾರಕ್ಕೆ ಮೂರು ಸಲ ಡಯಾಲಿಸಿಸ್. ಗಂಡ ಪಕೀರಬ್ಬ ಅತ್ತರಿನ ಅಂಗಡಿಗೆ ಬೀಗ ಹಾಕಿ ಬಂದು ಕರೆದುಕೊಂಡು ಹೋಗುತ್ತಾರೆ. ನೀನು ಬಂದಾಗ ಒಮ್ಮೆ ಮೇಲೆ ಹೋಗಿ ಬರೋಣ.

ನಿನ್ನ
ಪ್ರೇಮಾವತಿ ಆಂಟಿ


ದುಬೈ
21 ಜನವರಿ 2024

ಪ್ರೀತಿಯ ಆಂಟಿ,

ನನಗೂ ಅದೇ ದಿನ ಗೊತ್ತಾಯಿತು. ಆ ಪ್ರಾಜೆಕ್ಟಿಗೆ ನನ್ನನ್ನೇ ಹಾಕಿದ್ದಾರೆ. ನಿಮ್ಮ ಪರಿಚಯವಿದೆ, ನಿಮ್ಮ ಮನೆಯಲ್ಲಿ ಬೆಳೆದ ಹಾಗೆಯೇ ಬೆಳೆದೆ ಎಂದು ನನ್ನ ಬಾಸ್ ಜುಮಾನಾಗೆ ಮೊದಲೇ ಹೇಳಿಬಿಟ್ಟೆ. ಅವರು ಯೋಚಿಸಿ, ತೊಂದರೆಯಿಲ್ಲ ಎಂದರು. ಆದರೆ ಒಂದು ಷರತ್ತು. ಕೆಲಸದ ವಿಷಯ ಮೀಟಿಂಗಿನಲ್ಲಿ ಮಾತ್ರ. ಖಾಸಗಿಯಾಗಿ ಒಂದು ಸಾಲೂ ಇರಬಾರದು.

ಹಾಗಾಗಿ ಆಂಟಿ, ಪ್ರಾಜೆಕ್ಟ್ ಮುಗಿಯುವವರೆಗೆ ನಮ್ಮ ಪತ್ರಗಳಲ್ಲಿ ಆಫೀಸು ಬೇಡ. ಹವಾಮಾನ, ಅಡುಗೆ, ನನ್ನ ಕಾಗುಣಿತ, ಇಷ್ಟೇ. ನಿಮಗೆ ಬೇಜಾರಿಲ್ಲ ತಾನೆ?

ನನಗೆ ಹೆದರಿಕೆಯೂ ಇದೆ, ಖುಷಿಯೂ ಇದೆ. ಒಂದು ಇಡೀ ಕಂಪನಿಯ ಯೋಜನೆಯನ್ನು ನಾನೇ ಬರೆಯುವುದು ಇದೇ ಮೊದಲು. ನಿಮ್ಮ ಎದುರಿಗೆ ಚೆನ್ನಾಗಿ ಮಾಡಬೇಕು ಅಂತ ಆಸೆ.

ಹಬೀಬಾ ಆಂಟಿಗೆ ನನ್ನ ಸಲಾಂ ಹೇಳಿ.

ನಿಮ್ಮ
ಅಕ್ಷಯಾ


ಅಲ್ ಸದ್ದ್
8 ಮಾರ್ಚ್ 2024

ಪ್ರೀತಿಯ ಅಕ್ಷಯಾ,

ನೀನು ಮರಳಿ ದುಬೈ ಮುಟ್ಟಿರಬೇಕು. ಸೊರಗಿದ್ದೀ. ಆ ಬೂದು ಬಣ್ಣದ ಕೋಟು ನಿನಗೆ ಒಪ್ಪುತ್ತದೆ, ಆದರೆ ಭುಜದಲ್ಲಿ ಸಡಿಲ.

ಮೀಟಿಂಗಿನ ಮೂರು ದಿನವೂ ನೀನು ನನ್ನನ್ನು ‘ಮೇಡಂ’ ಎಂದೆ. ನಾನು ‘ಮಿಸ್ ಅಕ್ಷಯಾ’ ಎಂದೆ. ಮೊದಲ ದಿನ ನಗು ಬಂತು, ಎರಡನೇ ದಿನ ಬರಲಿಲ್ಲ. ಮೂರನೇ ದಿನ ನೀವೆಲ್ಲ ನನ್ನ ಸಿಸ್ಟಮಿನ ಒಂದೊಂದೇ ಪುಟವನ್ನು ಗೋಡೆಯ ಮೇಲೆ ಹಾಕಿ ಕೆಂಪು ಗೆರೆ ಎಳೆಯುತ್ತ ಹೋದಾಗ ನಾನು ನೀರು ಕುಡಿಯುವ ನೆಪದಲ್ಲಿ ಎರಡು ಸಲ ಎದ್ದು ಹೋದೆ. ಬಿಡು, ಆ ವಿಷಯ ಬರೆಯಬಾರದು. ಒಪ್ಪಂದ ಒಪ್ಪಂದವೇ.

ಹಬೀಬಾ ನಿನಗಾಗಿ ಕೋಳಿಸಾರು ಮಾಡಿಟ್ಟಿದ್ದಳು. "ಹುಡುಗಿ ಬಂದಿದ್ದಾಳಂತೆ, ಹೋಟ್ಲಲ್ಲಿ ಯಾಕೆ ಇಳಿದದ್ದು? ನಮ್ಮನೆಗೆ ಎಂತ ಆಗಿದೆ?" ಎಂದಳು. ಕಂಪನಿಯ ನಿಯಮ ಎಂದೆ. "ಎಂತ ನಿಯಮವಾ ಅದು" ಎಂದು ಸಾರನ್ನು ನನಗೇ ಬಡಿಸಿದಳು. ಸೋಮವಾರದಿಂದ ರಂಜಾನ್ ಎನ್ನುತ್ತಿದ್ದಾರೆ. ಈ ಸಲ ಅವಳಿಗೆ ಉಪವಾಸ ಬೇಡವೆಂದು ಡಾಕ್ಟರು ಹೇಳಿದ್ದಾರೆ. ಅದಕ್ಕೇ ಅತ್ತಳು.

ನಿನ್ನ
ಪ್ರೇಮಾವತಿ


ದುಬೈ
26 ಮೇ 2024

ಪ್ರೀತಿಯ ಆಂಟಿ,

ನಿಮ್ಮ ಮಾರ್ಚಿನ ಪತ್ರದ ಮೇಲೆ ಇದು ನಾನು ಬರೆಯುತ್ತಿರುವ ಮೂರನೇ ಪತ್ರ. ಹಿಂದಿನ ಎರಡಕ್ಕೂ ನಿಮ್ಮ ಉತ್ತರವಿಲ್ಲ. ಹುಷಾರಾಗಿದ್ದೀರಾ?

ವರದಿ ಒಪ್ಪಿಗೆಯಾಯಿತು. ಈಗ ಬರೆಯಬಹುದು. ಸರ್ಫರಾಝ್ ಸರ್, "ಇಷ್ಟು ವರ್ಷದಲ್ಲಿ ಮೊದಲ ಸಲ ನನ್ನ ಬಿಸಿನೆಸ್ ಪ್ಲಾನ್ ಮತ್ತು ಐಟಿ ಪ್ಲಾನ್ ಒಂದೇ ಕಾಗದದಲ್ಲಿ ಕಾಣ್ತಾ ಇದೆ" ಎಂದರು. ಜುಮಾನಾ ಇಡೀ ಟೀಮಿನ ಎದುರು ನನ್ನನ್ನು ಹೊಗಳಿದರು. ನನಗೆ ಮಾತ್ರ ನೀವು ಏನಂದುಕೊಂಡಿರಿ ಎಂಬುದೇ ತಲೆಯಲ್ಲಿತ್ತು.

ಗ್ರಾಹಕರನ್ನು ಮೂರು ದರ್ಜೆ ಮಾಡಿ ಹಳೆಯ ಕಟ್ಟಡಗಳನ್ನು ಕೊನೆಯದರಲ್ಲಿ ಇಟ್ಟದ್ದು ನಿಮಗೆ ಹಿಡಿಸಿಲ್ಲ ಎಂದು ಊಹಿಸುತ್ತೇನೆ. ಆದರೆ ಕಂಪನಿ ಲುಸೈಲಿಗೆ ಹೋಗುತ್ತದೆ ಎಂದ ಮೇಲೆ ಮೆಕ್ಯಾನಿಕ್‌ಗಳೂ ಅಲ್ಲಿರಬೇಕಲ್ಲವೆ? ನಿಮ್ಮ ಹುದ್ದೆಯ ಬಗ್ಗೆ ಬಹಳ ಹೋರಾಡಿದೆ. ನಿಮ್ಮನ್ನು ಉಳಿಸಿಕೊಳ್ಳಬೇಕು ಎಂದು ಬರೆದೆ. ನಿಮ್ಮ ತಂಡದ ಇಬ್ಬರ ವಿಷಯದಲ್ಲಿ ನನ್ನ ಮಾತು ನಡೆಯಲಿಲ್ಲ.

ಬೈಯುವುದಾದರೆ ಬೈದೇ ಬರೆಯಿರಿ. ಸುಮ್ಮನಿರಬೇಡಿ.

ಅಕ್ಷಯಾ


ಅಲ್ ಸದ್ದ್
20 ಸೆಪ್ಟೆಂಬರ್ 2024

ಅಕ್ಷಯಾ,

ನಿನ್ನ ಪತ್ರಗಳೆಲ್ಲ ಬಂದಿವೆ. ಆರೋಗ್ಯವಾಗಿದ್ದೇನೆ.

ಈ ತಿಂಗಳಿಂದ ಹೊಸ ಸಿಸ್ಟಮ್ ಶುರುವಾಗಿದೆ. ಚೆನ್ನಾಗಿದೆ, ವೇಗವಾಗಿದೆ. ನನಗೆ ಈಗ ‘ಸಲಹೆಗಾರ್ತಿ’ ಎಂಬ ಹೆಸರು, ಕಿಟಕಿಯ ಪಕ್ಕದ ಮೇಜು. ಸಲಹೆಯನ್ನು ಯಾರೂ ಕೇಳುವುದಿಲ್ಲ. ಸೆಕೆ ಇನ್ನೂ ಇಳಿದಿಲ್ಲ.

ನಿನ್ನ ಕೊನೆಯ ಪತ್ರದಲ್ಲಿ ಒಂದೂ ತಪ್ಪಿರಲಿಲ್ಲ.

ಪ್ರೇಮಾವತಿ


ಅಲ್ ಸದ್ದ್
1 ನವೆಂಬರ್ 2024

ಅಕ್ಷಯಾ,

ಹಬೀಬಾ ಬಿದ್ದಳು. ಸೊಂಟದ ಮೂಳೆ ಮುರಿದಿದೆ. ಆಪರೇಶನ್ ಆಗಿದೆ, ಜೀವಕ್ಕೆ ಭಯವಿಲ್ಲ ಎನ್ನುತ್ತಾರೆ. ನಿನಗೆ ಬೇರೆ ಯಾರಿಂದಲೋ ತಿಳಿಯುವುದಕ್ಕಿಂತ ನಾನೇ ಬರೆಯುತ್ತಿದ್ದೇನೆ.

ಹೋದ ವಾರ ನಮ್ಮ ಕಟ್ಟಡದ ಲಿಫ್ಟು ನಿಂತಿತು. ಅದನ್ನು ನೋಡಿಕೊಳ್ಳುವುದು ನಮ್ಮದೇ ಕಂಪನಿ, ಪಕೀರಬ್ಬ ಅಲ್ಲಿಗೆ ಫೋನ್ ಮಾಡಿದರು. ವಾಚ್‌ಮನ್ ಮಾಡಿದ. ನಾನೂ ಮಾಡಿದೆ. ಕಾಲ್ ಸೆಂಟರಿನ ಹುಡುಗಿ ಬಹಳ ಮರ್ಯಾದೆಯಿಂದ, "ಮೇಡಂ, ಆ ಬಿಲ್ಡಿಂಗ್ ಥರ್ಡ್ ಕೆಟಗರಿ. ಮೂರು ವರ್ಕಿಂಗ್ ಡೇಸ್ ಇದೆ. ಟೆಕ್ನಿಶಿಯನ್ಸ್ ಎಲ್ಲ ಲುಸೈಲಲ್ಲಿದ್ದಾರೆ, ಸಿಸ್ಟಮ್ ಬಿಡೋದಿಲ್ಲ" ಎಂದಳು. ನಡುವೆ ಶುಕ್ರವಾರ, ಶನಿವಾರದ ರಜೆ ಬಂತು.

ಅಷ್ಟರಲ್ಲಿ ಡಯಾಲಿಸಿಸ್ ನಿಲ್ಲುತ್ತದೆಯೆ? ಮೊದಲೆರಡು ಸಲ ಪಕೀರಬ್ಬ ಮತ್ತು ವಾಚ್‌ಮನ್ ಅವಳನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಇಳಿಸಿದರು. ಅವಳಿಗೆ ನಾಚಿಕೆ. ಮೆಟ್ಟಿಲಲ್ಲಿ ಗಂಡಸರೆಲ್ಲ ಬಾಗಿಲು ತೆರೆದು ನೋಡುತ್ತಾರೆ ಎಂದು ದುಪಟ್ಟಾದಿಂದ ಮುಖ ಮುಚ್ಚಿಕೊಂಡೇ ಇದ್ದಳಂತೆ. ಭಾನುವಾರ ಪಕೀರಬ್ಬ ಬರುವುದು ತಡವಾಯಿತು. ಅವಳು ಕಾಯದೆ, ಮೆಲ್ಲಗೆ ಇಳಿದೇನು ಎಂದು ಹೊರಟಳು. ಮೂರನೇ ಮಾಳಿಗೆಯ ತಿರುವಿನಲ್ಲಿ ಬಿದ್ದಳು. ಕೂಗಿದರೂ ಯಾರಿಗೂ ಕೇಳಿಸಲಿಲ್ಲ, ಎಲ್ಲರೂ ಕೆಲಸಕ್ಕೆ ಹೋಗಿದ್ದರು. ನಾನು ಆಫೀಸಿನಲ್ಲಿದ್ದೆ.

ಮರುದಿನ ಮೆಕ್ಯಾನಿಕ್ ಬಂದು ಲಿಫ್ಟು ಸರಿಮಾಡಿದ. ಹೇಳಿದ ಸಮಯದೊಳಗೇ ಬಂದಿದ್ದ.

ಹಳೆಯ ಸಿಸ್ಟಮಿನಲ್ಲಿ ದೂರು ಬಂದಾಗ ಎರಡು ಪ್ರಶ್ನೆ ಕೇಳುತ್ತಿದ್ದೆವು. ಒಳಗೆ ಯಾರಾದರೂ ಸಿಕ್ಕಿಕೊಂಡಿದ್ದಾರೆಯೇ? ಮೆಟ್ಟಿಲು ಇಳಿಯಲಾಗದವರು ಯಾರಾದರೂ ಕಟ್ಟಡದಲ್ಲಿದ್ದಾರೆಯೇ? ಎರಡನೆಯದಕ್ಕೆ ಹೌದು ಎಂದರೆ ಅದೇ ದಿನ ಮೆಕ್ಯಾನಿಕ್ ಹೋಗಬೇಕು, ಕಟ್ಟಡ ಯಾರದೇ ಇರಲಿ. ಆ ಪ್ರಶ್ನೆ ಹೊಸದರಲ್ಲಿ ಇಲ್ಲ.

ಇಲ್ಲಿ ಎಲ್ಲವೂ ಸರಿಯಾಗಿಯೇ ನಡೆದಿದೆ, ಅಕ್ಷಯಾ. ಸಿಸ್ಟಮ್ ಹೇಳಿದಂತೆ ಹುಡುಗಿ ಮಾಡಿದಳು. ನೀವು ಬರೆದಂತೆ ಸಿಸ್ಟಮ್ ಹೇಳಿತು. ಸರ್ಫರಾಝ್ ಬಯಸಿದಂತೆ ನೀವು ಬರೆದಿರಿ. ಎಲ್ಲಿಯೂ ಹೊಂದಾಣಿಕೆ ತಪ್ಪಿಲ್ಲ.

ಪ್ರೇಮಾವತಿ


ದುಬೈ
24 ನವೆಂಬರ್ 2024

ಆಂಟಿ,

ನಿಮ್ಮ ಪತ್ರ ಓದಿದ ಮೇಲೆ ಉತ್ತರ ಬರೆಯಲು ಕೂತು ಕೂತು ಎದ್ದಿದ್ದೇನೆ. ಫೋನ್ ಮಾಡಿದರೆ ನೀವು ಎತ್ತಲಿಲ್ಲ.

ಆ ಮೀಟಿಂಗ್ ನನಗೆ ಚೆನ್ನಾಗಿ ನೆನಪಿದೆ. ಗೋಡೆಯ ಮೇಲೆ ಆ ಪುಟ ಬಂದಾಗ ನಾನೇ ಕೇಳಿದೆ, "ಈ ಎರಡನೆಯ ಪ್ರಶ್ನೆ ಯಾವ ಕಾಂಟ್ರಾಕ್ಟಿನಲ್ಲೂ ಇಲ್ಲ. ಯಾರು ಸೇರಿಸಿದ್ದು?" ನೀವು, "ನಾನು" ಎಂದಿರಿ. "ಯಾಕೆ ಮೇಡಂ?" ಎಂದೆ. "ಆಗ ಬೇಕೆನಿಸಿತು." "ಈಗಲೂ ಬೇಕಾ?" ನೀವು ನನ್ನನ್ನು ನೋಡದೆ, "ಯೋಜನೆ ನಿಮ್ಮದು, ನೀವೇ ನೋಡಿ" ಎಂದಿರಿ. ನಾನು ಗೆರೆ ಎಳೆದೆ. ಮುಂದಿನ ಪುಟಕ್ಕೆ ಹೋದೆವು.

ನಿಮ್ಮ ದನಿಯಲ್ಲಿ ಏನೋ ಇದೆ ಎಂದು ನನಗೆ ಗೊತ್ತಾಗಿತ್ತು. ನಿಮ್ಮ ದನಿ ನನಗೆ ಗೊತ್ತಾಗದೆ ಇರುತ್ತದೆಯೆ? ಮಧ್ಯಾಹ್ನ ಊಟದ ಹೊತ್ತಿಗೆ ಬಂದು ಕೇಳಬಹುದಿತ್ತು. ಜುಮಾನಾ ನೋಡುತ್ತಾರೆ, ನಾನು ನಿಮ್ಮ ಪಕ್ಷ ವಹಿಸುತ್ತೇನೆ ಅಂದುಕೊಳ್ಳುತ್ತಾರೆ ಎಂದು ಬೇರೆ ಮೇಜಿನಲ್ಲಿ ಕೂತೆ. ಇನ್ನೂ ಒಂದಿದೆ. ಆ ದಿನ ಹಬೀಬಾ ಆಂಟಿಯ ಮನೆಗೆ ಬಂದಿದ್ದರೆ, ಅವರು ಲಿಫ್ಟಿನಲ್ಲಿ ಇಳಿಯುವುದನ್ನು ಒಮ್ಮೆ ಕಣ್ಣಾರೆ ನೋಡಿದ್ದರೆ, ನನ್ನ ಕೈ ಆ ಸಾಲಿನ ಮೇಲೆ ಓಡುತ್ತಿರಲಿಲ್ಲ.

ಹೋದ ವಾರ ನಾನು ದೋಹಾಕ್ಕೆ ಬಂದಿದ್ದೆ. ನಿಮಗೆ ಹೇಳಲಿಲ್ಲ. ಆಸ್ಪತ್ರೆಗೆ ಹೋದೆ. ಹಬೀಬಾ ಆಂಟಿ ನಿದ್ದೆ ಮಾಡುತ್ತಿದ್ದರು. ಪಕೀರಬ್ಬ ಅಂಕಲ್ ನನ್ನನ್ನು ಗುರುತು ಹಿಡಿದು, "ದೊಡ್ಡವಳಾಗಿದ್ದಿ, ಮಾಷಾ ಅಲ್ಲಾ" ಎಂದರು. ಚಹಾ ತರಿಸಿದರು. ನಾನು ಯಾವ ಕೆಲಸ ಮಾಡುತ್ತೇನೆ ಎಂದು ಕೇಳಿದರು. ಕಂಪ್ಯೂಟರ್ ಕೆಲಸ ಎಂದೆ.

ಆಮೇಲೆ ಸರ್ಫರಾಝ್ ಸರ್ ಅವರನ್ನು ಕಂಡೆ. ಜಗಳಕ್ಕೆ ಸಿದ್ಧವಾಗಿಯೇ ಹೋಗಿದ್ದೆ. ಅವರು ಎಲ್ಲ ಕೇಳಿ, ತಲೆ ಮೇಲೆ ಕೈ ಇಟ್ಟುಕೊಂಡು ಕೂತರು. "ಇದೊಂದು ಪ್ರಶ್ನೆ ಇಡೋದಕ್ಕೆ ಎಷ್ಟು ಕೆಲಸ?" ಎಂದರು. ಒಂದು ವಾರ ಎಂದೆ. "ಒಂದು ವಾರ! ನನ್ನ ತಾಯಿಗೂ ಮೊಣಕಾಲು ನೋವು, ಉಳ್ಳಾಲದಲ್ಲಿ ಮೂರು ಮೆಟ್ಟಿಲು ಹತ್ತಲಿಕ್ಕೆ ಆಗೋದಿಲ್ಲ. ನಾನೇನು ಬೇಡ ಅಂತಿದ್ದೆನಾ? ಟವರ್‌ಗೆ ಹೋಗುವ ಅಂದೆ, ಮುದುಕರನ್ನು ಬಿಟ್ಟು ಹೋಗುವ ಅನ್ನಲಿಲ್ಲ. ಪ್ರೇಮಾವತಿ ಮೇಡಂ ಒಂದು ಮಾತು ಹೇಳಿದ್ದರೆ, ನೀವು ಒಂದು ಮಾತು ಕೇಳಿದ್ದರೆ..." ಎಂದು ನಿಲ್ಲಿಸಿದರು. ನನಗೆ ಜಗಳವಾಡಲು ಯಾರೂ ಉಳಿಯಲಿಲ್ಲ.

ಪ್ರಶ್ನೆಯನ್ನು ಮರಳಿ ಸೇರಿಸುತ್ತಿದ್ದಾರೆ. ನನ್ನ ವರದಿಯಲ್ಲಿ ತಪ್ಪು ಹುಡುಕಿ ಹುಡುಕಿ ನೋಡಿದೆ. ಯಾರೂ ಅದನ್ನು ತಪ್ಪು ಎನ್ನುವುದಿಲ್ಲ. ಅದೇ ನನ್ನನ್ನು ಸುಡುತ್ತಿದೆ.

ವಿಮಾನಕ್ಕೆ ಹೋಗುವ ಮೊದಲು ನಿಮ್ಮ ಕಟ್ಟಡದ ಕೆಳಗೆ ಟ್ಯಾಕ್ಸಿ ನಿಲ್ಲಿಸಿದೆ. ನಿಮ್ಮ ಕಿಟಕಿಯಲ್ಲಿ ದೀಪ ಇತ್ತು. ಇಳಿಯಲಿಲ್ಲ.

ಅಕ್ಷಯಾ


ಅಲ್ ಸದ್ದ್
31 ಜನವರಿ 2025

ಪ್ರೀತಿಯ ಅಕ್ಷಯಾ,

ಇಳಿಯಬೇಕಿತ್ತು. ಇಳಿದಿದ್ದರೆ ಬಾಗಿಲು ತೆರೆಯುತ್ತಿದ್ದೆನೋ ಇಲ್ಲವೋ ಗೊತ್ತಿಲ್ಲ. ಆದರೂ ಇಳಿಯಬೇಕಿತ್ತು.

ನೀನು ನಿನ್ನ ಪಾಲಿನದನ್ನು ಬರೆದೆ. ನನ್ನ ಪಾಲಿನದು ಉಳಿದಿದೆ. ನವೆಂಬರಿನ ನನ್ನ ಪತ್ರ ಓದಿದವರು ನಾನು ಮಾಡುವುದೆಲ್ಲ ಮಾಡಿದೆ ಅಂದುಕೊಂಡಾರು. ಹಾಗಲ್ಲ.

ಆ ಪ್ರಶ್ನೆ ಹುಟ್ಟಿದ್ದೇ ಹಬೀಬಾಳಿಂದ. ಅವಳ ಕಾಯಿಲೆ ಶುರುವಾದ ವರ್ಷ ಒಮ್ಮೆ ಲಿಫ್ಟು ಕೆಟ್ಟು, ಅವಳು ಮೆಟ್ಟಿಲಲ್ಲಿ ಕೂತು ಏದುಸಿರು ಬಿಡುವುದನ್ನು ನೋಡಿದೆ. ಮರುದಿನವೇ ಆಫೀಸಿನಲ್ಲಿ ಯಾರನ್ನೂ ಕೇಳದೆ ಅದನ್ನು ಸೇರಿಸಿದೆ. ಕೇಳದೆ ಸೇರಿಸಿದ್ದರಿಂದ ಅದು ಯಾಕಿದೆ ಎಂದು ಕಂಪನಿಗೂ ಗೊತ್ತಿರಲಿಲ್ಲ, ಕಂಪನಿಯ ಯೋಜನೆಗೂ ಗೊತ್ತಾಗಲಿಲ್ಲ. ನೀನು ಮೀಟಿಂಗಿನಲ್ಲಿ ‘ಯಾಕೆ’ ಎಂದು ಕೇಳಿದಾಗ ಇಷ್ಟನ್ನು ಹೇಳಿದ್ದರೆ ಸಾಕಿತ್ತು. ಆದರೆ ನಾನು ಅಕ್ಷರ ಕಲಿಸಿದ ಹುಡುಗಿ ಎಲ್ಲರೆದುರು ನನ್ನನ್ನು ವಿಚಾರಿಸುತ್ತಿದ್ದಾಳೆ ಎಂದು ಬಾಯಿ ಕಟ್ಟಿತು. ಇವಳಿಗೇ ಹೊಳೆಯಬೇಕು, ನಾನು ಹೇಳುವುದಿಲ್ಲ ಎಂದುಕೊಂಡೆ.

ಅದಾದರೂ ಒಂದು ಗಳಿಗೆಯ ಸಿಟ್ಟು. ಲಿಫ್ಟು ನಿಂತಾಗ ನಾನು ಸರ್ಫರಾಝರಿಗೆ ಫೋನ್ ಮಾಡಬಹುದಿತ್ತು. ನಂಬರು ಇತ್ತು. ಮಾಡಿದ್ದರೆ ಆ ಸಂಜೆಯೇ ಮೆಕ್ಯಾನಿಕ್ ಬರುತ್ತಿದ್ದ. ಮಾಡಲಿಲ್ಲ. ಆಗಲಿ, ಇವರ ಹೊಸ ಸಿಸ್ಟಮಿನ ಗುಣ ಎಲ್ಲರಿಗೂ ಗೊತ್ತಾಗಲಿ, ನಾಲ್ಕು ಜನ ಬೈದು ಫೋನ್ ಮಾಡಲಿ ಎಂದು ಕಾದೆ. ಹಬೀಬಾಳನ್ನು ಕುರ್ಚಿಯಲ್ಲಿ ಇಳಿಸುವುದನ್ನು ನನ್ನ ಬಾಗಿಲಿನಿಂದಲೇ ನೋಡಿ, ನಾಳೆ ಮೀಟಿಂಗಿನಲ್ಲಿ ಇದನ್ನೇ ಹೇಳುತ್ತೇನೆ ಎಂದು ಮಾತುಗಳನ್ನು ಹೊಂದಿಸಿಕೊಂಡೆ. ಅಕ್ಷಯಾ, ಹೊಂದಿಸಿಕೊಂಡೆ.

ಹಬೀಬಾ ಡಿಸೆಂಬರಿನಲ್ಲಿ ಊರಿಗೆ ಹೋದಳು. ಐದನೇ ಮಾಳಿಗೆ ಇನ್ನು ಆಗದು ಎಂದು ಡಾಕ್ಟರು ಹೇಳಿದರು. ಪಕೀರಬ್ಬ ಅಂಗಡಿಯನ್ನು ಒಬ್ಬ ಮಲಯಾಳಿಗೆ ಬಿಟ್ಟುಕೊಟ್ಟರು. ಮೂವತ್ತು ವರ್ಷದ ಮನೆಯ ಸಾಮಾನು ನಮ್ಮ ಮೆಟ್ಟಿಲ ಕೆಳಗೆ ಒಂದು ವಾರ ಬಿದ್ದಿತ್ತು. ಈಗ ಮಂಗಳೂರಿನಲ್ಲಿ ಮಗಳು ಜಸೀಲಾಳ ಮನೆಯಲ್ಲಿದ್ದಾರೆ.

ಹೊರಡುವ ದಿನ ಏರ್‌ಪೋರ್ಟಿಗೆ ಹೋಗಿದ್ದೆ. ಗಾಲಿಕುರ್ಚಿಯಲ್ಲಿ ಕೂತಿದ್ದಳು. ನನ್ನ ಕೈ ಹಿಡಿದುಕೊಂಡೇ, "ಪ್ರೇಮಾ, ಒಂದು ಕೇಳ್ಲಾ? ನಿಮ್ಮದೇ ಕಂಪನಿ ಅಲ್ವಾ. ದೊಡ್ಡವರಿಗೆ ಒಂದು ಫೋನ್ ಮಾಡ್ಲಿಲ್ವಾ ನೀನು?" ಎಂದಳು. ಮಾಡಿದ್ದೆ, ಅವರು ಎತ್ತಲಿಲ್ಲ ಎನ್ನಬಹುದಿತ್ತು. ಅವಳು ನಂಬುತ್ತಿದ್ದಳು.

"ಮಾಡ್ಲಿಲ್ಲ" ಎಂದೆ.

"ಯಾಕೆ?"

"ಸಿಟ್ಟಿತ್ತು."

"ನನ್ನ ಮೇಲಾ?"

"ಅಲ್ಲ ಹಬೀಬಾ. ಅವರ ಮೇಲೆ."

ಅವಳು ದುಪಟ್ಟಾ ಸರಿಮಾಡಿಕೊಳ್ಳಲು ನನ್ನ ಕೈ ಬಿಟ್ಟಳು. ಮತ್ತೆ ಹಿಡಿಯಲಿಲ್ಲ.

ಅಂದಿನಿಂದ ಪ್ರತಿ ಶುಕ್ರವಾರ ಫೋನ್ ಮಾಡುತ್ತೇನೆ. ಪಕೀರಬ್ಬ ಎತ್ತುತ್ತಾರೆ. "ಮಲಗಿದ್ದಾಳೆ" ಎನ್ನುತ್ತಾರೆ. ಹಿಂದಿನಿಂದ ಅವಳ ದನಿ ಕೇಳಿಸುತ್ತದೆ. ಹೋದ ವಾರ ನಾನು ಮಾಡಲಿಲ್ಲ.

ಹೊಸ ಸಿಸ್ಟಮಿನಲ್ಲಿ ಪ್ರಶ್ನೆ ಬಂದಿದೆ. ಸರ್ಫರಾಝ್ ನನ್ನನ್ನು ಕರೆದು, ಅದು ಯಾಕೆ ಬೇಕೆಂದು ಎಲ್ಲ ಮೆಕ್ಯಾನಿಕ್‌ಗಳಿಗೂ ನೀವೇ ಹೇಳಿ ಎಂದರು. ಹೇಳಿದೆ. ಚೆನ್ನಾಗಿಯೇ ಹೇಳಿದೆ. ಯಾರೋ ಚಪ್ಪಾಳೆಯನ್ನೂ ತಟ್ಟಿದರು.

ನೀನೊಮ್ಮೆ ಅವಳಿಗೆ ಫೋನ್ ಮಾಡು. ನಿನ್ನದನ್ನು ಎತ್ತಿಯಾಳು. ನನ್ನ ಹೆಸರು ತೆಗೆಯಬೇಡ. ನಡೆಯಲು ಆಗುತ್ತಿದೆಯಾ ಎಂದು ಮಾತ್ರ ಕೇಳಿ, ನನಗೆ ಬರೆ.

ನಿನ್ನ
ಪ್ರೇಮಾವತಿ


ದುಬೈ
9 ಫೆಬ್ರವರಿ 2025

ಪ್ರೀತಿಯ ಆಂಟಿ,

ಇವತ್ತು ಮಾಡಿದೆ. ಜಸೀಲಾ ಎತ್ತಿ ಅಮ್ಮನಿಗೆ ಕೊಟ್ಟಳು.

ಮೊದಲು ನಾನು ಹೇಳಬೇಕಾದ್ದನ್ನು ಹೇಳಿದೆ. ಆ ಪ್ರಶ್ನೆಯನ್ನು ತೆಗೆದವಳು ನಾನೇ ಎಂದೆ. ಅವರಿಗೆ ಪೂರ್ತಿ ಅರ್ಥವಾಯಿತೋ ಇಲ್ಲವೋ. "ನೀನಾ?" ಎಂದರು. ಫೋನ್ ಇಟ್ಟರು ಅಂದುಕೊಂಡೆ. ಆಮೇಲೆ, "ಗೊತ್ತಿಲ್ಲದೆ ಮಾಡಿದ್ದು, ಆಯ್ತು ಬಿಡು ಮೋಳೆ, ನೀನೂ ನನ್ನ ಮಗಳೇ ಅಲ್ವಾ. ಅಳ್ಬೇಡ" ಎಂದರು. ನಿಮ್ಮದನ್ನು ಹಾಗೆ ಬಿಡಲು ಅವರಿಗೆ ಆಗುತ್ತಿಲ್ಲ ಅಂತ ನನಗೆ ಅರ್ಥವಾಯಿತು ಆಂಟಿ. ನಿಮಗೆ ಗೊತ್ತಿತ್ತಲ್ಲ.

ವಾಕರ್ ಹಿಡಿದು ಅಡುಗೆಮನೆಯವರೆಗೆ ನಡೆಯುತ್ತಾರಂತೆ. ಡಯಾಲಿಸಿಸ್ ಆಸ್ಪತ್ರೆ ಹತ್ತಿರವೇ ಇದೆಯಂತೆ. ಮನೆ ನೆಲದ ಅಂತಸ್ತಿನಲ್ಲಿ, ಕಿಟಕಿ ತೆರೆದರೆ ಪಕ್ಕದ ಮನೆಯ ಗೋಡೆ. "ದೋಹಾದಲ್ಲಿ ಎಷ್ಟು ಬೆಳಕಿತ್ತು" ಎಂದರು.

ನೀವು ಹೇಳಿದಂತೆ ನಿಮ್ಮ ಹೆಸರು ತೆಗೆಯಲಿಲ್ಲ. ಫೋನ್ ಇಡುವ ಹೊತ್ತಿಗೆ ಅವರೇ ಕೇಳಿದರು, "ನಮ್ಮ ಮನೆಗೆ ಈಗ ಯಾರು ಬಂದಿದ್ದಾರೆ?" ನನಗೆ ಗೊತ್ತಿಲ್ಲ, ಪ್ರೇಮಾವತಿ ಆಂಟಿಯನ್ನು ಕೇಳಿ ತಿಳಿಸುತ್ತೇನೆ ಎಂದುಬಿಟ್ಟೆ. ಅವರು, "ನೀನು ಬೇಡ. ಅವಳೇ ಹೇಳಲಿ" ಎಂದರು.

ಶುಕ್ರವಾರ ಫೋನ್ ಮಾಡಿ.

ನಿಮ್ಮ
ಅಕ್ಷಯಾ